ಹಳೇ ಸರ್ಫೇಸ್ ಪ್ಲೇನರ್: ವೈಟ್ ಮೆಟಲ್ ಬೇರಿಂಗ್ ಉಳಿಸಿಕೊಳ್ಳಬಹುದಾ?

ಪ್ರಶ್ನೆ (ತೀರ್ಥಹಳ್ಳಿ)
ಮುಚ್ಚಿದ ಸಾ ಮಿಲ್ಲೊಂದರಲ್ಲಿ 12 ಇಂಚಿನ ಹಳೇ ಸರ್ಫೇಸ್ ಪ್ಲೇನರ್ (ಹಲಗೆಯ ಮೈ ಹೆರೆದು ಮಟ್ಟ ಮಾಡುವ ಯಂತ್ರ) ಇದೆ. ಬೀಡುಕಬ್ಬಿಣದ ಬಾಡಿ, ಫ್ಲಾಟ್ ಬೆಲ್ಟ್ ಪುಲ್ಲಿ, ವೈಟ್ ಮೆಟಲ್ (ಮೆದು ಲೋಹ ಕರಗಿಸಿ ಎರೆದ) ಬೇರಿಂಗ್. ಮಳೆಗಾಲದ ಶೀತಕ್ಕೆ ಟೇಬಲ್ ತುಕ್ಕು ಹಿಡಿದಿದೆ. ಹಲಸು, ಹೊನ್ನೆ, ಸಾಗುವಾನಿಯ ಬಾಗಿಲು ಕೆಲಸಕ್ಕೆ ಬೇಕು. ಏನೇನು ನೋಡಿ ಕೊಳ್ಳಬೇಕು? ಬಾಲ್ ಬೇರಿಂಗ್ ಹಾಕಿಸಬೇಕಾ?

ಉತ್ತರ (ಸಾಗರ)
ತುಕ್ಕು, ಬೇರಿಂಗ್ ಎಲ್ಲ ಆಮೇಲೆ. ಮೊದಲು ಬ್ಲೇಡ್ ಕೂರುವ ಬ್ಲಾಕ್ ನೋಡಿ. ಅದು ಚೌಕವಾಗಿದ್ದು, ಬ್ಲೇಡನ್ನು ಮೇಲಿನಿಂದ ಬೋಲ್ಟ್ ಹಾಕಿ ಬಿಗಿದಿದ್ದರೆ ದಯವಿಟ್ಟು ಓಡಿಸಲೇಬೇಡಿ. ಚೌಕದ ಮೂಲೆಗಳು ತಿರುಗಲಿ ಅಂತ ಎರಡು ಟೇಬಲಿನ ನಡುವೆ ದೊಡ್ಡ ಸಂದು ಬಿಟ್ಟಿರುತ್ತಾರೆ, ಕೈ ಜಾರಿದರೆ ಅಂಗೈಯೇ ಒಳಗೆ ಹೋಗುತ್ತೆ. ದುಂಡು ಬ್ಲಾಕಿನಲ್ಲಿ ಸಂದು ಕಿರಿದು, ಬ್ಲೇಡು ಬೆಣೆಯ ಹಿಡಿತದಲ್ಲಿ ಒಳಗೇ ಕೂತಿರುತ್ತೆ. ಚೌಕ ಇದ್ದರೆ ದುಂಡು ಮಾಡಿಸಿ, ಟೇಬಲಿನ ಅಂಚಿಗೂ ಪಟ್ಟಿ ಜೋಡಿಸಬೇಕು. ಆ ಖರ್ಚು ಕಳೆದು ಬೆಲೆ ಮಾತಾಡಿ.

ಆಮೇಲೆ ಬಿರುಕು. ಪೇಂಟ್ ಕೆರೆದು ಬೇರಿಂಗ್ ಮನೆ, ಟೇಬಲ್ ಅಂಚು, ಕಾಲಿನ ಬುಡಕ್ಕೆ ಸೀಮೆಎಣ್ಣೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಒರೆಸಿ, ಸೀಮೆಸುಣ್ಣ ಬಳಿಯಿರಿ. ಬಿರುಕಿದ್ದರೆ ಎಣ್ಣೆ ಗೆರೆಯಾಗಿ ಒಸರುತ್ತೆ. ಕಾಲು ಒಡೆದಿದ್ದರೆ ಬ್ರೇಜಿಂಗ್ ಮಾಡಿಸಬಹುದು. ಬೇರಿಂಗ್ ಮನೆ ಒಡೆದಿದ್ದರೆ ಬಿಟ್ಟುಬಿಡಿ.

ಉತ್ತರ (ಶಿವಮೊಗ್ಗ)
ಬಾಲ್ ಬೇರಿಂಗ್ ಬೇಡ. ಬೇರಿಂಗ್ ಮನೆಯನ್ನು ಬೋರಿಂಗ್ ಮಾಡಿಸುವಾಗ ಚೂರು ತಪ್ಪಿದರೂ ಶಾಫ್ಟ್ ಟೇಬಲಿಗೆ ಓರೆಯಾಗುತ್ತೆ. ಒಂದೂವರೆ ಇಂಚಿನ ಶಾಫ್ಟಿಗೆ 2-3 ಥೌ (ಇಂಚಿನ ಸಾವಿರದಲ್ಲೊಂದು ಭಾಗ ಒಂದು ಥೌ) ಸಡಿಲ ಇರಬೇಕು. ಡಯಲ್ ಗೇಜ್ ಇಟ್ಟು ಶಾಫ್ಟ್ ಎತ್ತಿ ನೋಡಿ. ಹೆಚ್ಚಿದ್ದರೆ ಬೇರಿಂಗ್ ಮುಚ್ಚಳದ ಕೆಳಗಿನ ಶಿಮ್ (ತೆಳು ತಗಡು) ಎರಡೂ ಬದಿಯಿಂದ ಒಂದೊಂದೇ ತೆಗೆಯಿರಿ. ಅರ್ಧ ಗಂಟೆ ಖಾಲಿ ಓಡಿಸಿ, ಕೈ ಇಡಲಾಗದಷ್ಟು ಬಿಸಿಯಾದರೆ ಶಿಮ್ ವಾಪಸ್ ಹಾಕಿ. ಗ್ರೀಸ್ ಅಲ್ಲ, ಎಣ್ಣೆಯೇ ತೊಟ್ಟಿಕ್ಕಬೇಕು.

ವೈಟ್ ಮೆಟಲ್ ಕಿತ್ತುಹೋಗಿ ಹೊಸದು ಎರೆಯಬೇಕಾದರೆ ಬೇಸಿಗೆಗೆ ಇಟ್ಟುಕೊಳ್ಳಿ. ನಮ್ಮ ಮಳೆಗಾಲದ ಥಂಡಿಗೆ ಬೀಡು ಬೆವರಿರುತ್ತೆ. ಆ ಪಸೆಯ ಮೇಲೆ ಕರಗಿದ ಲೋಹ ಬಿದ್ದರೆ ಮುಖಕ್ಕೆ ಸಿಡಿಯುತ್ತೆ. ಯಾವ ಕಾಲವೇ ಆಗಲಿ, ಮನೆ, ಶಾಫ್ಟ್ ಎರಡನ್ನೂ ಬ್ಲೋ ಲ್ಯಾಂಪಿನಲ್ಲಿ ಚೆನ್ನಾಗಿ ಕಾಯಿಸಿ. ಶಾಫ್ಟಿಗೆ ಬುಡ್ಡಿ ದೀಪದ ಮಸಿ ಹಿಡಿಸದಿದ್ದರೆ ಅಂಟಿಕೊಳ್ಳುತ್ತೆ. ಒಣ ಕಡ್ಡಿ ಅದ್ದಿದರೆ ಕಪ್ಪಾಗಬೇಕು, ಹೊತ್ತಿಕೊಳ್ಳಬಾರದು, ಅದು ಹದ. ನಡುವೆ ನಿಲ್ಲಿಸದೆ ಒಂದೇ ಸಲಕ್ಕೆ ಎರೆಯಿರಿ.

ಪ್ರಶ್ನೆ ಕೇಳಿದವರು
ಬ್ಲಾಕ್ ದುಂಡಗಿದೆ, ಅದರ ಪುಲ್ಲಿ 3 ಇಂಚು. ಮೋಟರ್ ಯಾವುದು? ತುಕ್ಕಿಗೇನು ಮಾಡಲಿ?

ಉತ್ತರ (ಸಾಗರ)
ಒಳ್ಳೇದಾಯ್ತು. 3 ಎಚ್‌ಪಿ, ತ್ರೀ ಫೇಸ್, 1440 ಆರ್‌ಪಿಎಂ ಮೋಟರಿಗೆ 8 ಇಂಚಿನ ಪುಲ್ಲಿ ಹಾಕಿದರೆ ಬ್ಲಾಕ್ ನಿಮಿಷಕ್ಕೆ ಸುಮಾರು 3840 ಸುತ್ತು ಬರುತ್ತೆ, ಅದಕ್ಕಿಂತ ಜಾಸ್ತಿ ಬೇಡ. ಪಂಪ್‌ಸೆಟ್ಟಿಗೆ ಹಾಕುವ ಹಾಗೆ ಸಿಂಗಲ್ ಫೇಸ್ ಪ್ರಿವೆಂಟರ್ ಇರಲಿ, ಮಳೆಯಲ್ಲಿ ಒಂದು ಫೇಸ್ ಹೋದರೆ ಮೋಟರ್ ಸುಡುತ್ತೆ.

ಟೇಬಲಿಗೆ ಆಂಗಲ್ ಗ್ರೈಂಡರ್ ಮುಟ್ಟಿಸಬೇಡಿ, ಗುಳಿ ಬೀಳುತ್ತೆ. ಸೀಮೆಎಣ್ಣೆ ಹಾಕಿ, ಮರದ ತುಂಡಿಗೆ 220 ನಂಬರ್ ಎಮರಿ ಸುತ್ತಿ ಉದ್ದಕ್ಕೆ ಉಜ್ಜಿ. ಕಬ್ಬಿಣದ ಬೋಲ್ಟ್, ಹಿಡಿಕೆಗಳನ್ನು ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರಿನಲ್ಲಿ ಹತ್ತು ದಿನ ಮುಳುಗಿಸಿಡಿ. ಜೋಡಿಸುವಾಗ, ಮರ ಹೊರಬರುವ ಕಡೆಯ ಟೇಬಲ್ ಬ್ಲೇಡಿನ ತುದಿಗೆ ಸರಿಸಮ ಇರಲಿ. ತಗ್ಗಾದರೆ ಪ್ರತಿ ಹಲಗೆಯ ಕೊನೆಯಲ್ಲೂ ಹಳ್ಳ ಬೀಳುತ್ತೆ.