ಬಿಸಿಲಿನ ಕರಾವಳಿಯಲ್ಲಿ ‘ಶುದ್ಧ ಸಾಂಪ್ರದಾಯಿಕ’ ಊಟ ಎಲ್ಲಿದೆ?

ಊಟದಚೀಲ: ಡಿಸೆಂಬರ್ ಕೊನೆಯ ವಾರ ಕಾರವಾರದಿಂದ ಮಂಗಳೂರಿನವರೆಗೆ ಕಡಲ ಬದಿಯಲ್ಲೇ ಹೋಗುವ ಯೋಚನೆಯಿದೆ. ಬೀಚು, ದೇವಸ್ಥಾನ ಆಮೇಲೆ, ಈ ಸಲ ಊಟಕ್ಕಾಗಿಯೇ ತಿರುಗಾಟ. ಭಟ್ಕಳದಲ್ಲಿ ನವಾಯತ ಮುಸ್ಲಿಮರ ಬಿರಿಯಾನಿ, ಕುಂದಾಪುರದಲ್ಲಿ ಕೋಳಿ ಸಾರು, ಉಡುಪಿಯಲ್ಲಿ ಗೋಳಿಬಜೆ, ಮಂಗಳೂರಿನಲ್ಲಿ ಕೋರಿರೊಟ್ಟಿ (ಕೋಳಿ ಸಾರಿನ ಜೊತೆ ಅಕ್ಕಿಯ ಒಣರೊಟ್ಟಿ), ನಡುವೆ ಎಲ್ಲಾದರೂ ಪತ್ರೊಡೆ. ಶುದ್ಧ ಸಾಂಪ್ರದಾಯಿಕ ಊಟವನ್ನಷ್ಟೇ ಮಾಡಬೇಕೆಂದಿದ್ದೇನೆ. ಇನ್ನೇನು ಸೇರಿಸಲಿ?

ಆಟಿಮಳೆ: ಡಿಸೆಂಬರಿನಲ್ಲಿ ಪತ್ರೊಡೆ ಹುಡುಕಿಕೊಂಡು ಹೊರಟವರನ್ನು ಇದೇ ಮೊದಲ ಸಲ ನೋಡುತ್ತಿದ್ದೇನೆ. ಅದಕ್ಕೆ ಬೇಕಾದ ಕೆಸುವಿನ ಎಲೆ ಸೊಂಪಾಗುವುದು ಮಳೆ ಹಿಡಿದ ಮೇಲೆ. ಪತ್ರೊಡೆ ತುಳುವರ ಆಟಿ ತಿಂಗಳ ತಿಂಡಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಕಣಿಲೆಯೂ (ಎಳೆ ಬಿದಿರು) ಮಳೆಗಾಲದ್ದೇ, ಪಾಲೆ ಮರದ ತೊಗಟೆಯ ಕಷಾಯವಂತೂ ಆಟಿ ಅಮಾವಾಸ್ಯೆಯ ದಿನ ಮಾತ್ರ. ಬಿಸಿಲು ನೋಡಿಕೊಂಡು ಬರುವವರಿಗೆ ಸಿಗುವುದು ಹೋಟೆಲಿನ ಮೆನು, ಕರಾವಳಿಯ ಊಟವಲ್ಲ.

ಅಘನಾಶಿನಿದಂಡೆ: ‘ಹೋಟೆಲಿನ ಮೆನು’ ಎಂದಿರಲ್ಲ, ನಿಮ್ಮ ಮಳೆಗಾಲದಲ್ಲಿ ಆ ಮೆನುವಿನ ಮೀನು ಎಲ್ಲಿಂದ ಬರುತ್ತದೆ? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ತಾಜಾ ಬಂಗುಡೆ ಬೇಕಿದ್ದವರು ಬಿಸಿಲಿನಲ್ಲೇ ಬರಬೇಕು.

ಆಟಿಮಳೆ: ನಾಡದೋಣಿಗೆ ಆ ನಿಷೇಧವಿಲ್ಲ ಎಂಬುದನ್ನು ಜಾಣತನದಿಂದ ಬಿಟ್ಟಿದ್ದೀರಿ.

ಒರಳುಕಲ್ಲು: ನಾನಿನ್ನೂ ‘ಶುದ್ಧ ಸಾಂಪ್ರದಾಯಿಕ’ ಎಂಬಲ್ಲೇ ನಿಂತಿದ್ದೇನೆ. ಕೋರಿರೊಟ್ಟಿಯ ಸಾರಿಗೆ ಕೆಂಪು ಕೊಡುವ ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ತಂದವರು ಪೋರ್ಚುಗೀಸರು, ಅದೂ 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ. ನೀವು ಹೊಗಳುವ ಬ್ಯಾಡಗಿ ಇರುವುದು ಘಟ್ಟದ ಮೇಲಿನ ಹಾವೇರಿ ಜಿಲ್ಲೆಯಲ್ಲಿ. ಗೋಳಿಬಜೆಗೆ ಮೈದಾ, ಬನ್ಸಿಗೂ ಮೈದಾ. ಇದರಲ್ಲಿ ಶುದ್ಧ ಯಾವುದು?

ತೆಂಗಿನಗರಿ: ಪೋರ್ಚುಗೀಸರು ಬೀಜ ತಂದರು, ಸರಿ. ಅಡುಗೆಯನ್ನೂ ಅವರೇ ಕಲಿಸಿದರೇ ಮಾರಾಯರೇ? ನನ್ನ ಅಜ್ಜಿ ಒಣಮೆಣಸನ್ನು ತೆಂಗಿನೆಣ್ಣೆಯಲ್ಲಿ ಗರಿಗರಿಯಾಗುವಷ್ಟೇ ಹುರಿದು ತೆಗೆಯುತ್ತಿದ್ದರು. ಆಮೇಲೆ ಕೊತ್ತಂಬರಿ, ಜೀರಿಗೆ, ಕೊನೆಗೆ ಮೆಂತೆ, ಎಲ್ಲವೂ ಬೇರೆ ಬೇರೆ. ಮೆಂತೆ ಸ್ವಲ್ಪ ಹೆಚ್ಚು ಕೆಂಪಾದರೂ ಸಾರೆಲ್ಲ ಕಹಿಯೆಂದು ಆ ಹೊತ್ತಿಗೆ ಸೌಟನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಐನೂರು ವರ್ಷದ ರೂಢಿ ನಿಮಗೆ ಸಾಲದೇ?

ಒರಳುಕಲ್ಲು: ‘ಐನೂರು ವರ್ಷ’ ಎಂದು ನೀವೇ ಎಣಿಸಿಕೊಟ್ಟಿದ್ದೀರಿ, ಧನ್ಯವಾದ. ಅದಕ್ಕೂ ಹಿಂದೆ ಮೆಣಸು ಎಂದರೆ ಕಾಳುಮೆಣಸು. ಹೊಸಬ ಬಂದು ಹೆಸರು ಕಸಿದ ಮೇಲೆ ಹಳೆಯದು ‘ಒಳ್ಳೆಮೆಣಸು’ ಆಗಬೇಕಾಯಿತು. ತುಳುವಿನಲ್ಲೂ ಅದೇ ಗತಿ: ಮುಂಚಿ ಎಂದರೆ ಮೆಣಸಿನಕಾಯಿ, ಕಾಳುಮೆಣಸು ‘ಎಡ್ಡೆ ಮುಂಚಿ’. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಸುಮ್ಮನೆಯೇ?

ಆಟಿಮಳೆ: ರಾಣಿಯ ಮೆಣಸು ಹಡಗು ಹತ್ತಿತು. ಬಡವರ ಸಾರಿನ ಮಡಕೆಗೂ ಬಿತ್ತೆಂದು ನಿಮಗೆ ಹೇಳಿದವರು ಯಾರು? ‘ಒಳ್ಳೆ’ ಎಂದದ್ದು ಶೀತ ಕೆಮ್ಮಿಗೆ ಒಳ್ಳೆಯದೆಂದು, ಕಳ್ಳತನದ ಕಥೆ ನಿಮ್ಮ ಕಲ್ಪನೆ.

ಒರಳುಕಲ್ಲು: ಕಷಾಯಕ್ಕೆ ಹಾಕಿದವರು ಸಾರಿಗೆ ಹಾಕಲಿಲ್ಲವೇ? ಬಡವರು ಹಿತ್ತಿಲಿನ ಬಳ್ಳಿಯನ್ನು ಬರೀ ನೋಡುತ್ತ ಕುಳಿತಿದ್ದರೇ?

ತೆಂಗಿನಗರಿ: ಸಾಕು ಸ್ವಾಮಿ! ನಿಮ್ಮ ಲೆಕ್ಕದಲ್ಲಿ ಅನಾನಸೂ ಹೊರಗಿನದು, ಗೇರೂ ಹೊರಗಿನದು. ಮದುವೆ ಊಟದಲ್ಲಿ ಅನಾನಸಿನ ಮೆಣಸ್ಕಾಯಿ ಎಂಬ ಗೊಜ್ಜು ಬಡಿಸಲು ಬಂದರೆ ಎಲೆ ಮಡಚಿ ಏಳುತ್ತೀರಾ? ಅಥವಾ ಎರಡನೇ ಸಲ ಬರಲಿ ಎಂದು ಕಾಯುತ್ತೀರಾ?

ಒರಳುಕಲ್ಲು: ಎರಡನೇ ಸಲವೂ ಹಾಕಿಸಿಕೊಳ್ಳುತ್ತೇನೆ. ಸಾಂಪ್ರದಾಯಿಕ ಎಂದು ಮಾತ್ರ ಕರೆಯುವುದಿಲ್ಲ.

ಅಘನಾಶಿನಿದಂಡೆ: ಮೆಣಸನ್ನು ಅರೆದು ಮುಗಿದಿದ್ದರೆ ಒಂದು ಮಾತು. ಮಳೆಗಾಲದ ಊಟವೇ ನಿಜವಾದದ್ದು ಎನ್ನುವವರು ಆಗ ಗಂಜಿಗೆ ನೆಂಚಿಕೊಳ್ಳುವುದೇನು? ಹಲಸಿನ ಹಪ್ಪಳ, ಒಣಮೀನು, ಒಣಸಿಗಡಿಯ ಚಟ್ನಿ. ಇವು ಮಳೆಯಲ್ಲಿ ಒಣಗುತ್ತವೆಯೇ? ಏಪ್ರಿಲ್–ಮೇ ತಿಂಗಳಲ್ಲಿ ಅಂಗಳದ ಚಾಪೆಯ ತುಂಬ ಹಪ್ಪಳ ಹರವಿ, ಕಾಗೆ ಓಡಿಸಲು ನಮ್ಮನ್ನು ಕೋಲು ಕೊಟ್ಟು ಕೂರಿಸುತ್ತಿದ್ದರು. ಅರ್ಧ ಒಣಗಿದ ಹಪ್ಪಳ ಕಾಗೆಗಿಂತ ಹೆಚ್ಚಾಗಿ ನಮ್ಮ ಹೊಟ್ಟೆಗೇ ಹೋಗುತ್ತಿತ್ತು, ಅದು ಬೇರೆ ಮಾತು. ಬಿಸಿಲು ಕಾಲದ ತರಕಾರಿ ಬೇಕಿದ್ದರೆ ಉಡುಪಿಯ ಮಟ್ಟುಗುಳ್ಳ ಇದೆ, ಭೌಗೋಳಿಕ ಸೂಚ್ಯಂಕ ಪಡೆದ ಬದನೆ. ಉಡುಪಿ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ, ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಪರ್ಯಾಯದ ಊಟಕ್ಕೂ ಅದೇ ಬೇಕು.

ಆಟಿಮಳೆ: ‘ಗಂಜಿಗೆ ನೆಂಚಿಕೊಳ್ಳುವುದು’ ಎಂದು ನೀವೇ ಬರೆದಿದ್ದೀರಿ. ಗಂಜಿ ಯಾವ ಕಾಲದಲ್ಲಿ ರುಚಿ? ಮಳೆಯಲ್ಲಿ.

ಅಘನಾಶಿನಿದಂಡೆ: ನಮ್ಮ ಮನೆಯಲ್ಲಿ ವರ್ಷವಿಡೀ ಗಂಜಿ.

ಊಟದಚೀಲ: ನಾನು ಕೇಳಿದ್ದು ಐದು ದಿನದ ಊಟದ ಬಗ್ಗೆ. ಇಷ್ಟು ಹೊತ್ತಿಗೆ ಸಿಕ್ಕಿದ್ದು ಒಂದು ಬದನೆಕಾಯಿ. ಪತ್ರೊಡೆ ಬಿಟ್ಟೆ. ಭಟ್ಕಳದ ಬಿರಿಯಾನಿಗಾದರೂ ಯಾರದೂ ತಕರಾರಿಲ್ಲ ತಾನೇ?

ಒರಳುಕಲ್ಲು: ಬಿರಿಯಾನಿ ಎಂಬ ಪದವೇ ಪಾರ್ಸಿಯದು.

ತೆಂಗಿನಗರಿ: ಅಯ್ಯೋ ದೇವರೇ.