ಅಪ್‌ಡೇಟ್: ಚೈನ್‌ಸಾ ಈಗ ನೆಟ್ಟಗೆ ಕೊಯ್ಯುತ್ತಿದೆ

ಹವ್ಯಾಸಕ್ಕೆ ಅಂತ ಕೊಂಡ ಚೈನ್‌ಸಾ (ಮೋಟಾರಿನ ಚೈನ್ ಗರಗಸ), ಬಿದ್ದ ಹಲಸಿನ ಮರವನ್ನು ಓರೆಯಾಗಿ ಕೊಯ್ಯುತ್ತೆ, ಬರೀ ಹಿಟ್ಟಿನಂಥ ಪುಡಿ ಬರುತ್ತೆ ಅಂತ ಹೋದ ವಾರ ಕೇಳಿದ್ದೆನಲ್ಲ, ಸರಿಹೋಯಿತು! ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ತಿರುಗಿಸಿ ಹಾಕಿ ನೋಡಿದೆ, ಏನೂ ಆಗಲಿಲ್ಲ. ಚೈನ್ ಬಿಗಿ ಮಾಡಿದ್ದೂ ದಂಡ. "ಎರಡೂ ಕಡೆಯ ಹಲ್ಲು ಅಳೆದು ನೋಡಿ" ಅಂದವರ ಮಾತೇ ನಿಜ. ಹರಿತ ಮಾಡುವಾಗ ಒಂದು ಕಡೆ ಜಾಸ್ತಿ ಉಜ್ಜಿ ಹಲ್ಲು ಗಿಡ್ಡ ಮಾಡಿಬಿಟ್ಟಿದ್ದೆ. ಅದೂ 4.8 ಮಿ.ಮೀ. ದಪ್ಪದ ಅರದಲ್ಲಿ, ನನ್ನ "3/8 ಲೋ ಪ್ರೊಫೈಲ್" ಅನ್ನೋ ಅಳತೆಯ ಚೈನ್‌ಗೆ ಬೇಕಾದದ್ದು 4 ಮಿ.ಮೀ.! ಎಲ್ಲವನ್ನೂ ಅತಿ ಗಿಡ್ಡ ಹಲ್ಲಿನ ಅಳತೆಗೆ ತಂದೆ. ಈಗ ಚಕ್ಕೆ ಬರುತ್ತಿದೆ.

ಗೊತ್ತಿಲ್ಲದೇ ಇದ್ದದ್ದು ಇನ್ನೊಂದು: ಬಾರ್ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮೆಷಿನ್ ಮುಖದತ್ತಲೇ ಚಿಮ್ಮುತ್ತದೆ. ನಾನೋ, ಸುಮ್ನೆ ತುದಿಯಲ್ಲೇ ಕೊಯ್ಯುತ್ತಿದ್ದೆ. ಹೆಲ್ಮೆಟ್, ಕಾಲಿಗೆ ಚಾಪ್ಸ್ (ಚೈನ್ ತಾಗಿದರೆ ಕಾಲು ಕಾಯುವ ಹೊದಿಕೆ) ಆರ್ಡರ್ ಮಾಡಿದ್ದೇನೆ. ಅವು ಬರುವ ತನಕ ಹಲಸು ಅಲ್ಲೇ ಮಲಗಿರಲಿ.