ಮಿರಾಜ್ ಮನಸ್ಸು ತಿರುಗಿದ್ದು ಯಾವಾಗ?

ತುಂಗಾತೀರ:

ಹೋದ ಭಾನುವಾರ ಮಗಳ ಜೊತೆ ಕೂತು ‘ದಿ ಇನ್‌ಕ್ರೆಡಿಬಲ್ಸ್’ ನೋಡಿದೆ. 2004ರ ಪಿಕ್ಸಾರ್ ಸಿನಿಮಾ, ಬ್ರಾಡ್ ಬರ್ಡ್ ನಿರ್ದೇಶನದ್ದು. ನನಗೆ ಮೂರನೇ ಸಲ, ಅವಳಿಗೆ ಮೊದಲ ಸಲ. ಅವಳಿಗೆ 9 ವರ್ಷ. ಮುಗಿದ ಮೇಲೆ ಅದರಲ್ಲಿ ಮಿಂಚಿನ ಹಾಗೆ ಓಡುವ ಹುಡುಗ ಡ್ಯಾಶ್ ಬಗ್ಗೆ ಮಾತಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ: “ಅಮ್ಮಾ, ಆ ಬಿಳಿ ಕೂದಲಿನ ಆಂಟಿ ಒಳ್ಳೆಯವಳಾ, ಕೆಟ್ಟವಳಾ?”

ನನಗೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಆ ಬಿಳಿ ಕೂದಲಿನವಳೇ ಮಿರಾಜ್, ಖಳನಾಯಕ ಸಿಂಡ್ರೋಮ್‌ನ ಬಲಗೈ. ಮನೆಯಲ್ಲಿ ಸುಮ್ಮನೆ ಕೂತಿರುವ ಹಳೆಯ ಸೂಪರ್‌ಹೀರೋಗಳನ್ನು ಹುಡುಕಿ, ಒಳ್ಳೆಯ ಮಾತಾಡಿ ಅವನ ದ್ವೀಪಕ್ಕೆ ಕರೆಸುವುದು ಅವಳ ಕೆಲಸ. ಬಂದವರು ರೋಬೋಟ್ ಜೊತೆ ಹೊಡೆದಾಡಿ ಸಾಯುತ್ತಾರೆ. ಅವರನ್ನು ಬಳಸಿಕೊಂಡೇ ಆ ರೋಬೋಟ್ ಇನ್ನೂ ಬಲವಾಗುತ್ತಾ ಹೋಗುತ್ತದೆ. ಇದೆಲ್ಲ ಅವಳಿಗೆ ಗೊತ್ತು.

ನನ್ನ ಪ್ರಶ್ನೆ ಇರುವುದು ಆಮೇಲಿನ ದೃಶ್ಯದಲ್ಲಿ. ಕಥಾನಾಯಕ ಬಾಬ್ ಅವರ ಸೆರೆಯಲ್ಲಿದ್ದಾನೆ. ಅವನ ಹೆಂಡತಿ ಹೆಲೆನ್ ಬರುತ್ತಿರುವ ವಿಮಾನಕ್ಕೆ ಸಿಂಡ್ರೋಮ್ ಕ್ಷಿಪಣಿ ಬಿಡಿಸುತ್ತಾನೆ. ಒಳಗೆ ಮಕ್ಕಳಿದ್ದಾರೆ ಅಂತ ಹೆಲೆನ್ ರೇಡಿಯೋದಲ್ಲಿ ಕೂಗುತ್ತಾಳೆ. ಮಿರಾಜ್ ಮುಖ ಬಿಳಿಚಿಕೊಳ್ಳುತ್ತದೆ. ಆದರೆ ಸ್ವಲ್ಪ ಹೊತ್ತಿಗೇ ಬಾಬ್ ಸಿಂಡ್ರೋಮ್ ಮೇಲೆ ನುಗ್ಗಿದಾಗ, ಅವನನ್ನು ಆಚೆ ತಳ್ಳಿ ಬಾಬ್ ಕೈಗೆ ಸಿಕ್ಕಿಬೀಳುವವಳು ಇವಳೇ! ಮಕ್ಕಳ ಕೂಗು ಕೇಳಿದ ಮೇಲೂ ಅವನನ್ನೇ ಉಳಿಸಿದಳು. ಇವಳನ್ನು ಹಿಸುಕಿಬಿಡುತ್ತೇನೆ ಅಂತ ಬಾಬ್ ಹೆದರಿಸುತ್ತಾನೆ. ಧಾರಾಳವಾಗಿ ಮಾಡು ಅನ್ನುತ್ತಾನೆ ಸಿಂಡ್ರೋಮ್. ಬಾಬ್ ಕೈಲಿ ಆಗುವುದಿಲ್ಲ, ಬಿಟ್ಟುಬಿಡುತ್ತಾನೆ. ಅಲ್ಲಿಂದ ಮುಂದೆ ಮಿರಾಜ್ ಬದಲಾಗುತ್ತಾಳೆ.

ಹಾಗಾದರೆ ಅವಳನ್ನು ಬದಲಿಸಿದ್ದು ಆ ಮಕ್ಕಳಾ? ಅಥವಾ ತನ್ನ ಜೀವಕ್ಕೂ ಅವನ ಹತ್ತಿರ ಬೆಲೆ ಇಲ್ಲ ಅನ್ನುವ ನೋವಾ?

ಇದನ್ನು ಇಷ್ಟು ಹಿಡಿದುಕೊಂಡು ಕೇಳಲು ಕಾರಣವಿದೆ. ಮದುವೆಗೆ ಮೊದಲು 2 ವರ್ಷ ಒಂದು ಖಾಸಗಿ ಫೈನಾನ್ಸ್ ಆಫೀಸಿನಲ್ಲಿದ್ದೆ. ದನಿ ಚೆನ್ನಾಗಿದೆ ಅಂತ ನನ್ನನ್ನು ಫೋನಿಗೆ ಕೂರಿಸಿದ್ದರು. ಕಂತು ಬಾಕಿ ಇದ್ದವರಿಗೆ ಫೋನ್ ಮಾಡಿ, “ಸಾರ್, ಗಾಡಿ ತಗೊಂಡು ಸುಮ್ನೆ ಒಂದ್ಸಲ ಆಫೀಸಿಗೆ ಬಂದು ಹೋಗಿ, ಮಾತಾಡೋಣ” ಅನ್ನುತ್ತಿದ್ದೆ. ಅವರು ಒಳಗೆ ಬಂದು ಕೂತಾಗ ಹೊರಗೆ ಗಾಡಿ ಸೀಜ್ ಆಗಿರುತ್ತಿತ್ತು. ಒಂದು ದಿನ ಒಬ್ಬ ಆಟೋದವರು ಮಗುವನ್ನು ಎತ್ತಿಕೊಂಡೇ ಬಂದಿದ್ದರು. ವಾಪಸ್ ಹೋಗುವಾಗ ಆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದು ಹೋದರು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಆದರೆ ಕೆಲಸ ಬಿಡಲಿಲ್ಲ. ಬಿಟ್ಟಿದ್ದು 4 ತಿಂಗಳ ಮೇಲೆ, ನನ್ನದೇ ಸಂಬಳ ತಡೆಹಿಡಿದಾಗ.

ಗಣಿತದ ಮೇಷ್ಟ್ರು:

ನೀವು ಮನಸ್ಸು ಬಿಚ್ಚಿ ಬರೆದಿದ್ದೀರಿ ಮೇಡಂ, ನಾನೂ ಹಾಗೇ ಹೇಳುತ್ತೇನೆ. ಮಿರಾಜ್ ಬಗ್ಗೆ ನನಗೆ ಮರುಕ ಬರುವುದಿಲ್ಲ. ಬಾಬ್ ಸಿಂಡ್ರೋಮ್‌ನ ಕಂಪ್ಯೂಟರಿನಲ್ಲಿ ‘ಕ್ರೋನೋಸ್’ ಅನ್ನುವ ಗುಟ್ಟಿನ ಪದ ಒತ್ತಿದಾಗ ಬರುವ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಒಬ್ಬರಾದ ಮೇಲೆ ಒಬ್ಬರು, ಹೆಚ್ಚುಕಮ್ಮಿ ಎಲ್ಲ ಸೂಪರ್‌ಹೀರೋಗಳೂ ಸತ್ತವರು. ಆ ಪದವನ್ನು ಗುಹೆಯ ಗೋಡೆಯ ಮೇಲೆ ಕೊರೆದಿಟ್ಟ ಹಳೆಯ ಸೂಪರ್‌ಹೀರೋ ಗೇಜರ್‌ಬೀಮ್‌ನ ಅಸ್ಥಿಪಂಜರ ಅಲ್ಲೇ ಕೂತಿದೆ. ಅಷ್ಟು ಜನ ಸತ್ತಾಗ ಅವಳಿಗೆ ನಿದ್ದೆ ಬರುತ್ತಿತ್ತು ಅಲ್ವಾ? ಮೊದಲು ಅವಳ ಕಣ್ಣಿದ್ದದ್ದು ಬಾಬ್‌ನ ಗೆಳೆಯ ಫ್ರೋಜೋನ್ ಮೇಲೆ. ಕಾರಿನಲ್ಲಿ ಅವನ ಪಕ್ಕ ಬಾಬ್ ಸಿಕ್ಕಿದ, ಗುರಿ ಬದಲಾಯಿತು. ತನ್ನ ಕುತ್ತಿಗೆಗೆ ಬಂದಾಗ ಬರುವ ಬುದ್ಧಿಯನ್ನು ನಾನು ಪಶ್ಚಾತ್ತಾಪ ಅನ್ನಲಾರೆ.

ಪೆನ್ಸಿಲ್ ಚೂರು:

ನಾನು ಬೆಂಗಳೂರಿನಲ್ಲಿ ಆನಿಮೇಷನ್ ಕೆಲಸ ಮಾಡುತ್ತೇನೆ. ನನಗೆ ಈ ಪಾತ್ರ ತುಂಬಾ ಇಷ್ಟ. 2018ರ ಎರಡನೇ ಭಾಗದ ಖಳನಾಯಕಿ ಎವೆಲಿನ್ ಪಕ್ಕ ಇವಳನ್ನು ಇಟ್ಟು ನೋಡಿ. ಎವೆಲಿನ್‌ಗೆ ಕಾರಣ ಇದೆ. ಮನೆಗೆ ಕಳ್ಳರು ನುಗ್ಗಿದಾಗ ಅವಳ ಅಪ್ಪ ಅಡಗಿ ಕೂರಲಿಲ್ಲ, ಸೂಪರ್‌ಹೀರೋಗಳಿಗೆ ಫೋನ್ ಮಾಡುತ್ತಾ ನಿಂತರು, ಸತ್ತುಹೋದರು. ಆ ಸಿಟ್ಟು ಅವಳದು. ಕೊನೆಗೆ ಕೆಳಗೆ ಬೀಳುತ್ತಿದ್ದವಳನ್ನು ಇಲಾಸ್ಟಿಗರ್ಲ್ (ಅಂದರೆ ಹೆಲೆನ್) ಉಳಿಸಿದರೂ ಅವಳು ಬಗ್ಗುವುದಿಲ್ಲ.

ಮಿರಾಜ್‌ಗೆ ಹಿಂದಿನ ಕಥೆಯೇ ಇಲ್ಲ. ಎಲ್ಲಿಯವಳು, ಸಿಂಡ್ರೋಮ್ ಹತ್ತಿರ ಯಾಕೆ ಸೇರಿದಳು, ಸಿನಿಮಾ ಒಂದು ಮಾತೂ ಹೇಳುವುದಿಲ್ಲ. ಕಣ್ಣೀರು ತರಿಸುವ ಬಾಲ್ಯ ಇಲ್ಲ. ಅವಳು ಮಾಡಿದ್ದನ್ನು ನೋಡಿಯೇ ತೂಗಬೇಕು. ಅವಳಿಗೆ ನಟಿ ಎಲಿಜಬೆತ್ ಪೆನ್ಯಾ ಕೊಟ್ಟ ದನಿಯೂ ಹಾಗೇ ಇದೆ: ತಣ್ಣಗೆ, ಅವಸರ ಇಲ್ಲದೆ. ಅದಕ್ಕೇ ವಿಮಾನದ ದೃಶ್ಯದಲ್ಲಿ ಮುಖ ಸ್ವಲ್ಪ ಕದಲಿದರೂ ನಮಗೆ ಚುಚ್ಚುತ್ತದೆ. ಪೆನ್ಯಾ 2014ರಲ್ಲಿ ತೀರಿಕೊಂಡರು.

ಮೇಷ್ಟ್ರೇ, ಆಮೇಲೆ ಅವಳು ಸಿಂಡ್ರೋಮ್‌ಗೆ ಹೇಳುವುದನ್ನು ಗಮನಿಸಿ. ನನಗೆ ಮೋಸ ಮಾಡಿದೆ ಅಂತ ಶುರು ಮಾಡುವುದಿಲ್ಲ. ಜೀವಕ್ಕೆ ಬೆಲೆ ಕೊಡುವುದು ದೌರ್ಬಲ್ಯವಲ್ಲ ಅಂತ ಬಾಬ್ ಪರವಾಗಿ ಮಾತಾಡುತ್ತಾಳೆ. ಹೆಂಡತಿ ಮಕ್ಕಳು ಸತ್ತರು ಅಂದುಕೊಂಡ ಗಂಡಸು, ಅದೇ ಗಳಿಗೆಯಲ್ಲಿ ಇವಳನ್ನು ಕೊಲ್ಲದೆ ಬಿಟ್ಟ. ಅವಳನ್ನು ತಿರುಗಿಸಿದ್ದು ಅದು ಅಂತ ನನಗನಿಸುತ್ತದೆ.

ಬಸ್‌ಸ್ಟ್ಯಾಂಡ್ ಬಾಲು:

ನಾನು ಚಿಕ್ಕವನಿದ್ದಾಗ ನೋಡಿದ್ದು ಇದೇ ಸಿನಿಮಾದ ಹಿಂದಿ ಡಬ್ಬಿಂಗ್ ‘ಹಮ್ ಹೈ ಲಾಜವಾಬ್’. ಬಾಬ್ ಪಾತ್ರಕ್ಕೆ ಶಾರುಖ್ ಖಾನ್ ದನಿ, ಮಗನ ಪಾತ್ರಕ್ಕೆ ಶಾರುಖ್ ಮಗ ಆರ್ಯನ್ ದನಿ. ಹೆಲೆನ್ ಬಂದು ಮಿರಾಜ್ ಮುಖಕ್ಕೆ ಗುದ್ದಿದಾಗ ಚಪ್ಪಾಳೆ ಹೊಡೆದಿದ್ದೆ. ಈಗ ನೋಡಿದರೆ ಪಾಪ ಅನಿಸುತ್ತದೆ. ಅವಳು ಬಾಬ್‌ನನ್ನು ಬಿಡಿಸಲು ಬಂದವಳು. ಬಾಬ್ ಮೊದಲು ಅವಳ ಕತ್ತು ಹಿಡಿಯುತ್ತಾನೆ, ಹೆಂಡತಿ ಮಕ್ಕಳು ಬದುಕಿದ್ದಾರೆ ಅಂದ ಮೇಲೆ ಖುಷಿಯಲ್ಲಿ ತಬ್ಬಿಕೊಳ್ಳುತ್ತಾನೆ, ಅದನ್ನು ಹೆಲೆನ್ ನೋಡುತ್ತಾಳೆ. ಅಷ್ಟು ಗುದ್ದು ತಿಂದ ಮೇಲೂ ಮಿರಾಜ್ ಹೊರಟುಹೋಗುವುದಿಲ್ಲ. ಬಾಬ್ ಕುಟುಂಬ ದ್ವೀಪ ಬಿಟ್ಟು ಹೋಗಲು ರಾಕೆಟ್ ಹಾರಿಸುವ ಕಂಪ್ಯೂಟರನ್ನು ತೆರೆದುಕೊಡುತ್ತಾಳೆ. ‘ಪ್ಲೀಸ್’ ಅನ್ನಿ ಅನ್ನುತ್ತಾಳೆ, ಅಷ್ಟೇ.

ತುಂಗಾತೀರ:

ಎಲ್ಲರಿಗೂ ಧನ್ಯವಾದ. ಮೇಷ್ಟ್ರೇ, ಆ ಪಟ್ಟಿಯ ವಿಷಯ ಒಪ್ಪಿದೆ. ಕೊನೆಗೆ ಒಳ್ಳೆಯದು ಮಾಡಿದಳು ಅಂತ ಸತ್ತವರು ಎದ್ದು ಬರುವುದಿಲ್ಲ.

ಆದರೆ ಬಾಲು ಬರೆದದ್ದು ನನ್ನನ್ನು ಎರಡು ದಿನ ಕಾಡಿತು. ಮಿರಾಜ್ ಕೆಲಸ ಬಿಟ್ಟು ಸುಮ್ಮನೆ ಹೋಗಲಿಲ್ಲ. ತಾನು ಹಾಳು ಮಾಡಿದವನ ಹತ್ತಿರ ನಡೆದು ಹೋದಳು. ಅವನು ಕತ್ತು ಹಿಡಿಯಬಹುದು ಅಂತ ಗೊತ್ತಿದ್ದೂ ಹೋದಳು. ನಾನು ಕೆಲಸ ಬಿಟ್ಟೆ, ಬೇರೆ ಕೆಲಸ ಹುಡುಕಿಕೊಂಡೆ, ಅಷ್ಟೇ. ಯಾರ ಹತ್ತಿರವೂ ಹೋಗಲಿಲ್ಲ.

ನಿನ್ನೆ ಮಗಳಿಗೆ ಆ ಆಫೀಸಿನ ಕಥೆ ಹೇಳಿದೆ. ಎಲ್ಲ ಕೇಳಿಸಿಕೊಂಡಳು. ನಾನು ಒಳ್ಳೆಯವಳಾ ಕೆಟ್ಟವಳಾ ಅಂತ ಕೇಳುತ್ತಾಳೆ ಅಂತ ಭಯವಿತ್ತು. ಅವಳು ಕೇಳಿದ್ದು, “ಆ ಅಂಕಲ್‌ಗೆ ಆಟೋ ವಾಪಸ್ ಸಿಕ್ತಾ?”

ಗೊತ್ತಿಲ್ಲ ಅಂದೆ.